ಒಂದು ರನ್ ಕದಿಯೋದು ಹೇಗೆ? ಬೇಸ್‌ಬಾಲ್ ಓಟಗಾರರಿಂದ ನಮ್ಮ ಟೆನಿಸ್ ಬಾಲ್ ಪಿಚ್‌ವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತು ಎರಡು ಎಸೆತಗಳಿಂದ ಶುರು ಮಾಡೋಣ. ಎರಡೂ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಬಿದ್ದಿದ್ದು. ಎರಡೂ ಪಂದ್ಯದ ಕೊನೇ ಎಸೆತ. ಎರಡರಲ್ಲೂ ಬ್ಯಾಟ್‌ಗೆ ಚೆಂಡು ತಾಗಲೇ ಇಲ್ಲ.

ಮೊದಲನೇದು 2016ರ ಮಾರ್ಚ್ 23, ಟಿ20 ವಿಶ್ವಕಪ್, ಭಾರತ–ಬಾಂಗ್ಲಾದೇಶ. ಕೊನೇ ಎಸೆತದಲ್ಲಿ ಬಾಂಗ್ಲಾಕ್ಕೆ ಗೆಲ್ಲೋಕೆ 2 ರನ್ ಬೇಕು, ಟೈ ಆಗೋಕೆ 1 ಸಾಕು. ಹಾರ್ದಿಕ್ ಪಾಂಡ್ಯ ಹಾಕಿದ ಚೆಂಡು ಶುವಾಗತ ಹೋಂ ಬ್ಯಾಟ್ ದಾಟಿ ಧೋನಿ ಕೈಗೆ ಹೋಯ್ತು. ನಾನ್ ಸ್ಟ್ರೈಕರ್ ಮುಸ್ತಫಿಜುರ್ ರಹಮಾನ್ ಓಡಿ ಬಂದರು. ಬಲಗೈ ಗ್ಲೌಸ್ ಮೊದಲೇ ಬಿಚ್ಚಿ ಕಾಯ್ತಿದ್ದ ಧೋನಿ, ಚೆಂಡು ಎಸೆಯದೇ ತಾವೇ ಓಡಿಬಂದು ಬೇಲ್ಸ್ ಹಾರಿಸಿದರು. ಭಾರತಕ್ಕೆ 1 ರನ್ ಜಯ.

ಎರಡನೇದು 2023ರ ಏಪ್ರಿಲ್ 10, ಆರ್‌ಸಿಬಿ–ಲಖನೌ. ಆರ್‌ಸಿಬಿ ಅಭಿಮಾನಿಗಳೇ, ಗೊತ್ತು, ಇನ್ನೂ ನೋವಿದೆ. ನಾವು 212 ಹೊಡೆದಿದ್ವಿ, ಅವರೂ 212ಕ್ಕೆ ಬಂದು ನಿಂತಿದ್ರು. ಒಂದೇ ವಿಕೆಟ್ ಬಾಕಿ, ಒಂದೇ ಎಸೆತ ಬಾಕಿ. ಹರ್ಷಲ್ ಪಟೇಲ್ ಓಡಿ ಬರುವಾಗಲೇ ನಾನ್ ಸ್ಟ್ರೈಕರ್ ರವಿ ಬಿಷ್ಣೋಯ್ ಕ್ರೀಸ್ ಬಿಟ್ಟು ಹೊರಟಿದ್ರು. ಹರ್ಷಲ್ ಅದನ್ನ ನೋಡಿ ಸ್ಟಂಪ್ಸ್‌ಗೆ ಕೈ ಹಾಕಿದ್ರು, ತಾಗಲಿಲ್ಲ. ಮುಂದೆ ಹೋಗಿ ತಿರುಗಿ ಎಸೆದಾಗ ತಾಗ್ತು, ಆದ್ರೆ ಅಷ್ಟೊತ್ತಿಗೆ ಅವರು ಕ್ರೀಸ್ ದಾಟಿ ಆಗಿತ್ತು. ಅಂಪೈರ್ ಔಟ್ ಕೊಡಲಿಲ್ಲ. ಮತ್ತೆ ಹಾಕಿದ ಚೆಂಡನ್ನ ಆವೇಶ್ ಖಾನ್ ಮಿಸ್ ಮಾಡಿದ್ರು, ದಿನೇಶ್ ಕಾರ್ತಿಕ್ ಕೈಗೆ ಅದು ಸರಿಯಾಗಿ ಸಿಗಲಿಲ್ಲ, ಇಬ್ಬರೂ ಓಡಿದ್ರು. ಬೈ. ಮುಗೀತು.

ಒಂದೇ ಮೈದಾನ, ಒಂದೇ ಥರದ ಕಳ್ಳ ರನ್. ಒಂದು ಸಲ ಸಿಕ್ಕಿಬಿದ್ರು, ಇನ್ನೊಂದು ಸಲ ತಪ್ಪಿಸಿಕೊಂಡ್ರು. ನಡುವೆ ಇರೋ ವ್ಯತ್ಯಾಸ ಒಂದು ಸೆಕೆಂಡಿಗಿಂತ ಕಡಿಮೆ. ಇವತ್ತಿನ ಸಂಚಿಕೆ ಪೂರ್ತಿ ಆ ಸೆಕೆಂಡಿನ ಬಗ್ಗೆ.

ಇದಕ್ಕೆ ಕಾರಣ ಕಂಪ್ಲಿಯ ಕೇಳುಗರೊಬ್ಬರ ವಾಯ್ಸ್ ಮೆಸೇಜ್. ರೀಲ್ಸ್‌ನಲ್ಲಿ ಬೇಸ್‌ಬಾಲ್ ನೋಡ್ತಾರಂತೆ. ಅಲ್ಲಿ ಆಟಗಾರ ಚೆಂಡು ಹೊಡೆಯೋಕೂ ಮುಂಚೆ ಕದ್ದು ಓಡಿ, ಮಣ್ಣಲ್ಲಿ ಜಾರಿ ಇನ್ನೊಂದು ಬೇಸ್ ಮುಟ್ತಾನಲ್ಲ, ಅದನ್ನ ಹೇಗೆ ಪ್ರಾಕ್ಟೀಸ್ ಮಾಡ್ತಾರೆ, ನಮ್ಮ ಟೆನಿಸ್ ಬಾಲ್ ಕ್ರಿಕೆಟ್‌ಗೆ ಏನಾದ್ರೂ ಉಪಯೋಗ ಆಗುತ್ತಾ ಅಂತ ಕೇಳಿದ್ರು. ಆಗುತ್ತೆ. ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿನೇ ಆಗುತ್ತೆ.

ಅಲ್ಲಿ ಕದಿಯೋದು ಏನು?

ಬೇಸ್‌ಬಾಲ್‌ನಲ್ಲಿ ನಾಲ್ಕು ಬೇಸ್. ಒಂದರಿಂದ ಇನ್ನೊಂದಕ್ಕೆ 90 ಅಡಿ, ಅಂದ್ರೆ 27.43 ಮೀಟರ್. ಮೊದಲ ಬೇಸ್‌ನಲ್ಲಿ ನಿಂತವನು, ಪಿಚರ್ ಚೆಂಡನ್ನ ಬ್ಯಾಟರ್ ಕಡೆ ಎಸೆಯುವಾಗ ಎರಡನೇ ಬೇಸ್‌ಗೆ ಓಡಬಹುದು. ಹಿಂದೆ ಕೂತಿರೋ ಕ್ಯಾಚರ್, ಅಂದ್ರೆ ನಮ್ಮ ಕೀಪರ್ ಥರ, ಚೆಂಡು ಹಿಡಿದು ಎರಡನೇ ಬೇಸ್‌ಗೆ ಎಸೀಬೇಕು. ಮೊದಲು ಯಾರು ಮುಟ್ತಾರೋ ಅವರದ್ದು.

ಲೆಕ್ಕ ನೋಡ್ರಿ. ಪಿಚರ್ ಕೈಕಾಲು ಎತ್ತಿ ಚೆಂಡು ಕ್ಯಾಚರ್‌ಗೆ ತಲುಪಿಸೋಕೆ ಸುಮಾರು 1.3 ಸೆಕೆಂಡ್. ಕ್ಯಾಚರ್ ಹಿಡಿದು, ಎದ್ದು, ಎರಡನೇ ಬೇಸ್‌ಗೆ ಮುಟ್ಟಿಸೋಕೆ ಸುಮಾರು 2 ಸೆಕೆಂಡ್. ಒಟ್ಟು 3.3. ಓಟಗಾರನೂ ಹೆಚ್ಚು ಕಮ್ಮಿ ಅಷ್ಟೇ ಟೈಮ್ ತಗೋತಾನೆ. ಹಾಗಾಗಿ ಗೆಲ್ಲೋದು ಸೋಲೋದು ಪಾಯಿಂಟ್ ಒಂದು, ಪಾಯಿಂಟ್ ಎರಡು ಸೆಕೆಂಡಿನಲ್ಲಿ.

ಆ ಪಾಯಿಂಟ್ ಎರಡು ಎಲ್ಲಿಂದ ಬರುತ್ತೆ? ಕಾಲಿನ ಸ್ಪೀಡ್‌ನಿಂದ ಅಂತ ನಾವೆಲ್ಲ ಅಂದ್ಕೋತೀವಿ. 2025ರ ಅಮೆರಿಕದ ಮೇಜರ್ ಲೀಗ್‌ನಲ್ಲಿ ಜಾಶ್ ನೇಲರ್ ಅನ್ನೋ ಆಟಗಾರ ಇದನ್ನ ಸುಳ್ಳು ಮಾಡಿದ. ದಪ್ಪ ಮೈಕಟ್ಟು, ಇಡೀ ಲೀಗ್‌ನ ಅತಿ ನಿಧಾನದ ಓಟಗಾರರಲ್ಲಿ ಒಬ್ಬ. ಆ ಸೀಸನ್‌ನಲ್ಲಿ 32 ಸಲ ಪ್ರಯತ್ನಿಸಿ 30 ಬೇಸ್ ಕದ್ದ! ಓಡೋದರಲ್ಲಿ ಅವನನ್ನ ಹಿಂದೆ ಹಾಕೋರು ನೂರಾರು ಜನ ಇದ್ರು. ಪಿಚರ್ ಯಾವಾಗ ಎಸೀತಾನೆ ಅಂತ ಓದೋದರಲ್ಲಿ ಅವನನ್ನ ಹಿಂದೆ ಹಾಕೋರು ಕಮ್ಮಿ ಇದ್ರು.

ಇನ್ನೊಂದು ಸಾಕ್ಷಿ. 2023ರಲ್ಲಿ ಅದೇ ಲೀಗ್ ರೂಲ್ ಬದಲಾಯಿಸ್ತು. ಬೇಸ್‌ನ ಅಗಲ 15 ಇಂಚಿಂದ 18 ಇಂಚಿಗೆ ಏರ್ತು. ಪಿಚರ್ ಸುಮ್ಮನೆ ತಿರುಗಿ ತಿರುಗಿ ಓಟಗಾರನನ್ನ ಹೆದರಿಸೋದಕ್ಕೆ ಮಿತಿ ಬಿತ್ತು. 2022ರಲ್ಲಿ ಒಟ್ಟು 2,486 ಇದ್ದ ಕದ್ದ ಬೇಸ್‌ಗಳು ಒಂದೇ ವರ್ಷದಲ್ಲಿ 3,503ಕ್ಕೆ ಹೋದವು. ಆಟಗಾರರ ಕಾಲು ಒಂದು ವರ್ಷದಲ್ಲಿ ಬದಲಾಗಿಲ್ಲ. ದೂರ ಕೆಲವು ಇಂಚು ಕಡಿಮೆ ಆಯ್ತು, ಯಾವಾಗ ಹೊರಡಬೇಕು ಅನ್ನೋದು ಸ್ವಲ್ಪ ಸಲೀಸಾಯ್ತು, ಅಷ್ಟೇ.

ನಮ್ಮ 17.68 ಮೀಟರ್

ಈಗ ನಮ್ಮ ಪಿಚ್‌ಗೆ ಬನ್ನಿ. ಸ್ಟಂಪ್‌ನಿಂದ ಸ್ಟಂಪ್‌ಗೆ 22 ಗಜ. ಆದ್ರೆ ಓಡಬೇಕಾಗಿರೋದು ಕ್ರೀಸ್‌ನಿಂದ ಕ್ರೀಸ್‌ಗೆ, ಅಂದ್ರೆ 58 ಅಡಿ, 17.68 ಮೀಟರ್. ಬೇಸ್‌ಬಾಲ್‌ನವನಿಗೆ ಇಲ್ಲದ ಒಂದು ಸೌಲಭ್ಯ ನಮಗಿದೆ. ಕೈಯಲ್ಲಿ ಬ್ಯಾಟ್ ಇದೆ.

ಬ್ಯಾಟ್ ಗರಿಷ್ಠ 38 ಇಂಚು ಇರಬಹುದು, ಅದಕ್ಕೆ ಚಾಚಿದ ಕೈ ಸೇರಿಸಿ. ಹೊರಡುವಾಗ ಬ್ಯಾಟ್ ತುದಿ ಕ್ರೀಸ್ ಒಳಗೆ ನೆಲ ಮುಟ್ಟಿರಲಿ, ಮೈ ಮಾತ್ರ ಹೊರಗೆ. ಹಂಗೆ ನಿಂತರೆ ಮುಂದಿನ ಕಾಲು ಆರಾಮಾಗಿ ಒಂದೂವರೆ ಮೀಟರ್ ಮುಂದೆ ಇರುತ್ತೆ. ತಲುಪುವಾಗಲೂ ಅಷ್ಟೇ, ಬ್ಯಾಟ್ ಮುಂದೆ ಚಾಚಿದ್ರೆ ಇನ್ನೊಂದು ಒಂದೂವರೆ. ಎರಡೂ ಕಡೆ ಸೇರಿ 3 ಮೀಟರ್ ಓಟ ಉಳೀತು. ಸೆಕೆಂಡಿಗೆ 6 ಮೀಟರ್ ಓಡೋನಿಗೆ ಅದು ಅರ್ಧ ಸೆಕೆಂಡ್. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬರ್ತಿರೋ ಥ್ರೋ ಆ ಅರ್ಧ ಸೆಕೆಂಡಿನಲ್ಲಿ 12 ಮೀಟರ್ ಮೇಲೆ ಸಾಗುತ್ತೆ. ಅಂದ್ರೆ ನೀವು ಕ್ರೀಸ್ ಒಳಗೆ ಬಂದಾಗ ಚೆಂಡು ಇನ್ನೂ 12 ಮೀಟರ್ ದೂರದಲ್ಲಿ ಇರುತ್ತೆ. ಕಾಲಿಗೆ ಒಂದು ಪೈಸೆ ಖರ್ಚಿಲ್ಲ. ಬಿ.ಕಾಂ. ಓದಿದವನಿಗೆ ಇಂಥ ಲಾಭ ಕಂಡ್ರೆ ಸುಮ್ಮನಿರೋಕಾಗಲ್ಲ.

ಹೊಸಪೇಟೆ ಸುತ್ತಮುತ್ತ ಭಾನುವಾರದ ಮ್ಯಾಚ್ ನೋಡಿ. ನಾನ್ ಸ್ಟ್ರೈಕರ್ ಬ್ಯಾಟ್‌ನ ಹೆಗಲ ಮೇಲೆ ಇಟ್ಕೊಂಡೋ, ಕೋಲಿನ ಥರ ಊರಿಕೊಂಡೋ ಅಂಪೈರ್ ಜೊತೆ ಹರಟೆ ಹೊಡೀತಿರ್ತಾನೆ. ಆ 3 ಮೀಟರ್‌ನಲ್ಲಿ ಅರ್ಧ ಅಲ್ಲೇ ಹೋಯ್ತು.

ಯಾವ ಕೈಯಲ್ಲಿ ಬ್ಯಾಟ್?

ಇದು ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಇಲ್ಲೇ ಬೇಸ್‌ಬಾಲ್ ನಮಗೆ ನೇರವಾಗಿ ಪಾಠ ಹೇಳೋದು.

ಬಲಗೈ ಬೌಲರ್ ಓವರ್ ದ ವಿಕೆಟ್ ಹಾಕ್ತಿದ್ರೆ, ನೀವು ಸ್ಟಂಪ್ಸ್‌ನ ಇನ್ನೊಂದು ಬದಿ ನಿಲ್ತೀರಿ. ಬೌಲರ್ ನಿಮ್ಮ ಎಡಗಡೆಯಿಂದ ಬರ್ತಾನೆ. ಬ್ಯಾಟ್ ಬಲಗೈಯಲ್ಲಿದ್ರೆ ಅದನ್ನ ಹಿಂದೆ ಕ್ರೀಸ್‌ಗೆ ಚಾಚೋಕೆ ಮೈ ಬಲಕ್ಕೆ ತಿರುಗುತ್ತೆ, ಬೌಲರ್‌ಗೆ ಬೆನ್ನು ಬೀಳುತ್ತೆ. ಅವನು ಚೆಂಡು ಬಿಟ್ಟನೋ ಇಲ್ವೋ ಕಾಣೋದೇ ಇಲ್ಲ. ಬ್ಯಾಟ್ ಎಡಗೈಗೆ ಬದಲಾಯಿಸಿ. ಎದೆ ಬೌಲರ್ ಕಡೆ, ಬಲಗಾಲು ಪಿಚ್ ಕಡೆ ಮುಂದೆ, ಎಡಗೈ ಬ್ಯಾಟ್ ಹಿಂದೆ ಕ್ರೀಸ್ ಒಳಗೆ. ಎಡಗೈ ಬೌಲರ್ ಓವರ್ ದ ವಿಕೆಟ್ ಬಂದ್ರೆ ಎಲ್ಲಾ ಉಲ್ಟಾ, ಬ್ಯಾಟ್ ಬಲಗೈಗೆ.

ಈಗ ಮೊದಲ ಬೇಸ್‌ನಲ್ಲಿ ಕದಿಯೋಕೆ ನಿಂತಿರೋ ಬೇಸ್‌ಬಾಲ್ ಆಟಗಾರನ ಫೋಟೋ ನೋಡಿ. ಎದೆ ಪಿಚರ್ ಕಡೆ, ಬಲಗಾಲು ಎರಡನೇ ಬೇಸ್ ಕಡೆ, ಮಂಡಿ ಬಗ್ಗಿದೆ, ಭಾರ ಎರಡೂ ಪಾದದ ಮುಂಭಾಗದ ಮೇಲೆ. ಬ್ಯಾಟ್ ಒಂದು ಇಲ್ಲ, ಉಳಿದಿದ್ದೆಲ್ಲ ಅದೇ ನಿಲುವು. ಅವರು ಹೊರಡೋ ರೀತಿನೂ ಹಾಗೇ ತಗೋಬಹುದು. ಬಲಗಾಲು ನಿಂತಲ್ಲೇ ತಿರುಗುತ್ತೆ, ಎಡಗಾಲು ಅದರ ಮುಂದೆ ಅಡ್ಡ ದಾಟಿ ಮೊದಲ ಹೆಜ್ಜೆ ಹಾಕುತ್ತೆ. ನಾವು ಮಾಡೋದು ಏನು? ಮೊದಲು ಎದ್ದು ನೆಟ್ಟಗೆ ನಿಲ್ತೀವಿ, ಆಮೇಲೆ ತಿರುಗ್ತೀವಿ, ಆಮೇಲೆ ಓಡ್ತೀವಿ. ಮೂರು ಕೆಲಸ. ಅವರದ್ದು ಒಂದೇ.

ಶಾಲೆಯಲ್ಲಿ ಖೋ ಖೋ ಆಡಿದವರಿಗೆ ಇದು ಬೇಗ ಬರುತ್ತೆ. ಕೂತಲ್ಲಿಂದ ಎದ್ದು ಮೊದಲ ಹೆಜ್ಜೆಯಲ್ಲೇ ದಿಕ್ಕು ಹಿಡಿಯೋ ಆಟ ಅದು, ದಿಕ್ಕು ಹಿಡಿದ ಮೇಲೆ ಚೇಸರ್ ವಾಪಸ್ ತಿರುಗೋ ಹಾಗಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಪುರುಷರ, ಮಹಿಳೆಯರ ತಂಡಗಳಲ್ಲಿ ನಮ್ಮ ಕರ್ನಾಟಕದ ಎಂ.ಕೆ. ಗೌತಮ್, ಬಿ. ಚೈತ್ರಾ ಇದ್ರು. ಆ ಫೈನಲ್‌ಗಳ ವಿಡಿಯೋ ಹುಡುಕಿ, ಬರೀ ಎದ್ದೇಳೋ ಕ್ಷಣ ನೋಡಿ.

ಕಣ್ಣು ಎಲ್ಲಿರಬೇಕು?

ಬೇಸ್‌ಬಾಲ್ ಓಟಗಾರ ಪಿಚರ್‌ನ ಮುಖ ನೋಡಲ್ಲ, ಕಾಲು ನೋಡ್ತಾನೆ. ಬಲಗೈ ಪಿಚರ್‌ನ ಎಡಗಾಲು ಮೊದಲು ಎದ್ರೆ ಬ್ಯಾಟರ್ ಕಡೆ ಎಸೀತಾನೆ, ಓಡಬಹುದು. ಬಲಗಾಲು ಮೊದಲು ಅಲ್ಲಾಡಿದ್ರೆ ತನ್ನ ಕಡೆ ತಿರುಗ್ತಾನೆ, ವಾಪಸ್ ಬೇಸ್‌ಗೆ ಹಾರಬೇಕು. ಒಂದೇ ಗುರುತು, ಅದರ ಮೇಲೆ ಪೂರ್ತಿ ಗಮನ.

ಕ್ರಿಕೆಟ್‌ನಲ್ಲಿ ಆ ಗುರುತು ಬೌಲರ್‌ನ ಕೈ. ಚೆಂಡು ಕೈ ಬಿಡೋದು ಕಣ್ಣಾರೆ ಕಾಣಬೇಕು. ಅಲ್ಲಿವರೆಗೆ ಬ್ಯಾಟ್ ಕ್ರೀಸ್ ಒಳಗೆ, ಬಿಟ್ಟ ತಕ್ಷಣ ಕಣ್ಣು ಚೆಂಡಿನ ಹಿಂದೆ. ಆಮೇಲೆ ಎರಡು ಮೂರು ಚುರುಕು ಹೆಜ್ಜೆ ಮುಂದೆ. ಗಂಟೆಗೆ 130 ಕಿಲೋಮೀಟರ್ ವೇಗದ ಚೆಂಡು ಬ್ಯಾಟರ್ ತಲುಪೋಕೆ ಸುಮಾರು ಅರ್ಧ ಸೆಕೆಂಡ್, ನಮ್ಮ ಟೆನಿಸ್ ಬಾಲ್ ಬೌಲರ್‌ಗಳದ್ದು ಅದಕ್ಕಿಂತ ಜಾಸ್ತಿ ಹೊತ್ತು ತಗೊಳ್ಳುತ್ತೆ. ಆ ಹೊತ್ತು ನಿಮ್ಮದು. ಚೆಂಡು ಬ್ಯಾಟ್ ಮುಟ್ಟೋ ಹೊತ್ತಿಗೆ ನೀವು ಚಲನೆಯಲ್ಲಿರಬೇಕು, ಆದ್ರೆ ವಾಪಸ್ ತಿರುಗೋ ಸ್ಥಿತಿಯಲ್ಲೂ ಇರಬೇಕು. ಯಾಕಂದ್ರೆ ಜೋರಾಗಿ ಹೊಡೆದ ನೇರ ಶಾಟ್ ಬೌಲರ್ ಕೈಗೆ ಸವರಿ ಸ್ಟಂಪ್ಸ್‌ಗೆ ಬಿದ್ರೆ ನೀವು ಔಟ್, ಅದರಲ್ಲಿ ಯಾರ ತಪ್ಪೂ ಇರಲ್ಲ.

ಬೇಗ ಹೊರಟ್ರೆ ಏನಾಗುತ್ತೆ?

ಇಲ್ಲಿ ಜಗಳ ಶುರು. ಬೇಸ್‌ಬಾಲ್‌ನಲ್ಲಿ ಓಟಗಾರ ಯಾವಾಗ ಬೇಕಾದ್ರೂ ಬೇಸ್ ಬಿಡಬಹುದು, ಸಿಕ್ಕಿಬೀಳೋ ಅಪಾಯ ಅವನದ್ದು. ಕ್ರಿಕೆಟ್‌ನಲ್ಲಿ ಬೌಲರ್ ಸಾಮಾನ್ಯವಾಗಿ ಚೆಂಡು ಬಿಡಬೇಕಾದ ಕ್ಷಣಕ್ಕೆ ಮುಂಚೆ ನಾನ್ ಸ್ಟ್ರೈಕರ್ ಹೊರಗಿದ್ರೆ, ಬೌಲರ್ ರನ್ ಔಟ್ ಮಾಡಬಹುದು. 2022ರ ಅಕ್ಟೋಬರ್ 1ರಿಂದ ಈ ನಿಯಮವನ್ನ ಎಂಸಿಸಿ 'ಅನ್ಯಾಯದ ಆಟ' ಅನ್ನೋ ಭಾಗದಿಂದ ಎತ್ತಿ 'ರನ್ ಔಟ್' ಭಾಗಕ್ಕೇ ಹಾಕಿದೆ. ಅಂದ್ರೆ ಎಲ್ಲ ರನ್ ಔಟ್‌ಗಳ ಹಾಗೆ ಇದೂ ಒಂದು. ವಾರ್ನಿಂಗ್ ಕೊಡಲೇಬೇಕು ಅಂತ ಎಲ್ಲೂ ಇಲ್ಲ.

ಬೌಲರ್‌ಗೂ ಒಂದು ಗೆರೆ ಇದೆ. 2023ರ ಜನವರಿಯಲ್ಲಿ ಮೆಲ್ಬರ್ನ್‌ನ ಬಿಗ್ ಬ್ಯಾಷ್ ಪಂದ್ಯದಲ್ಲಿ ಆಡಂ ಝಂಪಾ ಹೀಗೇ ಬೇಲ್ಸ್ ಎಗರಿಸಿದ್ರು. ಔಟ್ ಸಿಗಲಿಲ್ಲ, ಯಾಕಂದ್ರೆ ಅವರ ಬೌಲಿಂಗ್ ಕೈ ಮೇಲೆ ಬಂದು ದಾಟಿ ಆಗಿತ್ತು. ಅದಾದ ಮೇಲೆ ಎಂಸಿಸಿ ಸ್ಪಷ್ಟ ಮಾಡ್ತು: ಚೆಂಡು ಬಿಡಬೇಕಾದ ಕ್ಷಣ ದಾಟಿದ ಮೇಲೆ ಬೌಲರ್‌ಗೆ ಈ ಅವಕಾಶ ಮುಗೀತು. ಮೂರು ತಿಂಗಳ ನಂತರ ಹರ್ಷಲ್‌ಗೂ ತಡ ಆಗಿದ್ದೇ ಸಮಸ್ಯೆ.

ಇದನ್ನ ಮೋಸ ಅನ್ನೋರು ಇನ್ನೂ ಇದ್ದಾರೆ. 1947ರ ಡಿಸೆಂಬರ್‌ನಲ್ಲಿ ಸಿಡ್ನಿಯಲ್ಲಿ ವಿನೂ ಮಂಕಡ್ ಆಸ್ಟ್ರೇಲಿಯಾದ ಬಿಲ್ ಬ್ರೌನ್ ಅವರನ್ನ ಹೀಗೆ ಔಟ್ ಮಾಡಿದ್ರು, ಅವತ್ತಿಂದ ಒಬ್ಬ ದೊಡ್ಡ ಆಟಗಾರನ ಹೆಸರು ಬೈಗುಳ ಆಗಿಹೋಯ್ತು. ಎದುರಾಳಿ ನಾಯಕ ಡಾನ್ ಬ್ರಾಡ್ಮನ್ ಮಂಕಡ್ ಪರವಾಗಿಯೇ ನಿಂತ್ರು ಅನ್ನೋದು ಯಾರಿಗೂ ನೆನಪಿಲ್ಲ. ನನ್ನ ಅಭಿಪ್ರಾಯ ಕೇಳ್ತೀರಾ? ಒಂದೂವರೆ ಮೀಟರ್ ಕಾನೂನೇ ನಿಮಗೆ ಫ್ರೀಯಾಗಿ ಕೊಟ್ಟಿದೆ. ಅದನ್ನ ಬಳಸದೇ, ಬ್ಯಾಟ್ ಗಾಳಿಯಲ್ಲಿ ಬೀಸ್ತಾ ಮುಂಚೆ ಹೊರಟು ಔಟ್ ಆದ್ರೆ ಬೌಲರ್‌ನ ಯಾಕೆ ಬೈಬೇಕು? ದೀಪ್ತಿ ಶರ್ಮಾ 2022ರಲ್ಲಿ ಲಾರ್ಡ್ಸ್‌ನಲ್ಲಿ ಚಾರ್ಲಿ ಡೀನ್ ಅವರನ್ನ ಔಟ್ ಮಾಡಿದಾಗ ಅಷ್ಟು ಗಲಾಟೆ ಆಯ್ತು, ಬ್ಯಾಟ್ ಎಲ್ಲಿತ್ತು ಅಂತ ಕೇಳಿದವರು ಕಮ್ಮಿ.

ಓಡಬೇಕೋ ಬೇಡವೋ, ಒಂದು ಲೆಕ್ಕ

ಬೇಸ್‌ಬಾಲ್‌ನ ಲೆಕ್ಕ ಹಾಕೋರು ಹೇಳೋದು, ಹತ್ತರಲ್ಲಿ ಏಳು ಸಲಕ್ಕಿಂತ ಜಾಸ್ತಿ ಸಕ್ಸಸ್ ಇದ್ರೆ ಮಾತ್ರ ಕದಿಯೋದು ಲಾಭ ಅಂತ. ನಮ್ಮಲ್ಲಿ ಇನ್ನೂ ಕಠಿಣ. ನಿಮ್ಮ ತಂಡಕ್ಕೆ ಒಂದು ವಿಕೆಟ್ ಹೋದ್ರೆ 9 ರನ್ ನಷ್ಟ ಅಂತ ಇಟ್ಕೊಳ್ಳಿ. ಕದ್ದ ರನ್‌ನಿಂದ ಬರೋದು 1. ಹತ್ತು ಸಲ ಓಡಿ ಒಂಬತ್ತು ಸಲ ಗೆದ್ರೆ 9 ಬಂತು, ಒಂದು ಸಲ ಔಟಾದ್ರೆ 9 ಹೋಯ್ತು. ಲಾಭ ಸೊನ್ನೆ. ಅಂದ್ರೆ ಎರಡನೇ ಓವರ್‌ನಲ್ಲಿ 'ನೋಡೋಣ ಬಾ' ಅಂತ ಓಡೋದು ಸಾಲ ಮಾಡಿ ಲಾಟರಿ ತಗೊಂಡಂಗೆ.

ಇನಿಂಗ್ಸ್‌ನ ಕೊನೇ ಎಸೆತದಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಅಲ್ಲಿ ವಿಕೆಟ್‌ಗೆ ಬೆಲೆನೇ ಇಲ್ಲ. ಚೆಂಡು ಕೀಪರ್ ಕೈಯಲ್ಲಿದ್ರೂ ಓಡಿ. ಮುಸ್ತಫಿಜುರ್ ಓಡಿದ್ದು ಸರಿ, ಬಿಷ್ಣೋಯ್ ಓಡಿದ್ದೂ ಸರಿ. ಒಂದು ಕಡೆ ಕೀಪರ್ ತಯಾರಾಗಿದ್ರು, ಇನ್ನೊಂದು ಕಡೆ ಚೆಂಡು ಜಾರ್ತು.

ಸ್ಟ್ರೈಕರ್ ಪಾಲು

ಕಳ್ಳ ರನ್‌ಗೆ ಇಬ್ಬರು ಕಳ್ಳರು ಬೇಕು. ಹೊಡೆಯೋನು ಕೈ ಸಡಿಲ ಬಿಟ್ಟು ಚೆಂಡನ್ನ ಕಾಲಬುಡದಲ್ಲೇ ಸಾಯಿಸಬೇಕು. ಫೀಲ್ಡರ್‌ನ ಯಾವ ಕೈ ಅಂತ ಮೊದಲೇ ನೋಡಿಟ್ಕೊಳ್ಳಿ. ಬಲಗೈಯವನ ಎಡಗಡೆಗೆ ಚೆಂಡು ಹೋದ್ರೆ ಅವನು ಹಿಡಿದು, ಮೈ ತಿರುಗಿಸಿ ಎಸೀಬೇಕು, ಅಷ್ಟರಲ್ಲಿ ನೀವು ಅರ್ಧ ದಾರಿ. ಕಂಪ್ಲಿ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಆಡಿದ್ರೆ ಚೆಂಡು ನೆಲದಲ್ಲೇ ನಿಲ್ಲುತ್ತೆ, ಮೆತ್ತಗೆ ತಳ್ಳಿದ್ರೆ ರನ್. ಸಂಡೂರು ಕಡೆಯ ಕೆಂಪು ಗಟ್ಟಿ ನೆಲದಲ್ಲಿ ಅದೇ ಚೆಂಡು ಫೀಲ್ಡರ್ ಕೈಗೆ ಓಡಿ ಹೋಗುತ್ತೆ, ಆದ್ರೆ ಕಲ್ಲಿಗೆ ತಾಗಿ ಪುಟಿದು ಅವನ ಎದೆಗೂ ಬಡಿಯುತ್ತೆ. ಮೊದಲ ಎರಡು ಓವರ್‌ನಲ್ಲೇ ನೆಲ ಹೇಗಿದೆ ಅಂತ ಗೊತ್ತಾಗುತ್ತೆ.

ಕೂಗೋದು ಯಾರು? ಚೆಂಡು ಮುಂದೆ ಹೋದ್ರೆ ಸ್ಟ್ರೈಕರ್, ಹಿಂದೆ ಹೋದ್ರೆ ನಾನ್ ಸ್ಟ್ರೈಕರ್. ಮೂರೇ ಮಾತು: 'ಬಾ', 'ಬ್ಯಾಡ', 'ನಿಂದ್ರು'. ಒಬ್ಬನೇ ಕೂಗಬೇಕು, ಒಂದೇ ಸಲ, ಜೋರಾಗಿ. 'ಬಾ ಬಾ... ಏ ಬ್ಯಾಡ ಬ್ಯಾಡ, ಹೋಗೋ!' ಅನ್ನೋ ಕೂಗಿಗೆ ಎಷ್ಟು ವಿಕೆಟ್ ಹೋಗಿವೆ ಅಂತ ನಿಮಗೇ ಗೊತ್ತು.

ತಲುಪುವಾಗ ಬ್ಯಾಟ್‌ನ ಕ್ರೀಸ್‌ಗೆ ಮುಂಚೆಯೇ ನೆಲಕ್ಕಿಟ್ಟು ಜಾರಿಸಿ. ಗೆರೆ ಮೇಲೆ ಕುಟ್ಟಬೇಡಿ, ಕುಟ್ಟಿದ ಬ್ಯಾಟ್ ನೆಲಕ್ಕೆ ಸಿಕ್ಕಿಹಾಕ್ಕೊಂಡು ಹಿಡಿಕೆ ಹೊಟ್ಟೆಗೆ ತಿವಿಯುತ್ತೆ. ಗೆರೆ ಒಳಗೆ ಒಮ್ಮೆ ನೆಲ ಮುಟ್ಟಿ, ಓಟದ ರಭಸಕ್ಕೆ ಆಮೇಲೆ ಪುಟಿದ್ರೆ 2017ರ ನಿಯಮದ ಪ್ರಕಾರ ಔಟಿಲ್ಲ. ಡೈವ್ ಮಾತ್ರ ಟಿವಿಯಲ್ಲಿ ಚೆಂದ. ನಮ್ಮ ಮೈದಾನಗಳ ಜಲ್ಲಿ ಮೇಲೆ ಮಾಡಿದ್ರೆ ಸೋಮವಾರ ಕೆಲಸಕ್ಕೆ ತುಂಬು ತೋಳಿನ ಅಂಗಿ ಹಾಕ್ಕೊಂಡು ಹೋಗಬೇಕಾಗುತ್ತೆ.

ಇಪ್ಪತ್ತು ನಿಮಿಷದ ಪ್ರಾಕ್ಟೀಸ್

ಇದಕ್ಕೆ ನೆಟ್ಸ್ ಬೇಡ, ಕಿಟ್ ಬೇಡ. ಮೂರು ಜನ, ಒಂದು ಚೆಂಡು, ಒಂದು ಮೊಬೈಲ್ ಸಾಕು. ಒಬ್ಬ ಬೌಲ್ ಮಾಡಲಿ, ಒಬ್ಬ ನಾನ್ ಸ್ಟ್ರೈಕರ್, ಇನ್ನೊಬ್ಬ ಕ್ರೀಸ್ ಗೆರೆಗೆ ನೇರವಾಗಿ, ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ಮಾಡಲಿ. ಬೌಲರ್ ಹತ್ತರಲ್ಲಿ ಮೂರು ಸಲ ಬೇಕಂತಲೇ ಚೆಂಡು ಬಿಡದೇ ನಿಲ್ಲಬೇಕು, ಯಾವ ಮೂರು ಅಂತ ಹೇಳಬಾರದು. ಆ ಮೂರು ಸಲವೂ ನಿಮ್ಮ ಬ್ಯಾಟ್ ಕ್ರೀಸ್ ಒಳಗೇ ಇದ್ರೆ ನೀವು ಕೈ ನೋಡ್ತಿದ್ದೀರಿ. ಹೊರಗಿದ್ರೆ ಅಂದಾಜಿನ ಮೇಲೆ ಓಡ್ತಿದ್ದೀರಿ. ವಿಡಿಯೋ ಸುಳ್ಳು ಹೇಳಲ್ಲ. ಆಮೇಲೆ ಅಡ್ಡ ದಾಟೋ ಮೊದಲ ಹೆಜ್ಜೆ, ಐದೇ ಮೀಟರ್, ಹತ್ತು ಸಲ. ಬಲಕ್ಕೆ ಹತ್ತು, ಎಡಕ್ಕೆ ಹತ್ತು. ಪೂರ್ತಿ 17 ಮೀಟರ್ ಓಡೋ ಅಗತ್ಯ ಇಲ್ಲ.

ಕೊನೇದಾಗಿ ಅಂಪೈರ್ ವಿಷಯ. ನಮ್ಮ ಟೂರ್ನಮೆಂಟ್‌ಗಳಲ್ಲಿ ಬೌಲಿಂಗ್ ತುದಿಯ ಅಂಪೈರ್ ಎಷ್ಟೋ ಸಲ ಬ್ಯಾಟಿಂಗ್ ತಂಡದ ಹುಡುಗನೇ ಆಗಿರ್ತಾನೆ. ಅವನ ಗೆಳೆಯನೇ ಕ್ರೀಸ್ ಬಿಟ್ಟು ಓಡ್ತಿರ್ತಾನೆ, ಬೌಲರ್ ಬೇಲ್ಸ್ ಎಗರಿಸ್ತಾನೆ, ಸಂಜೆ ಕತ್ತಲಾಗೋವರೆಗೂ ಜಗಳ, ಕೆಲವು ಸಲ ಮ್ಯಾಚೇ ನಿಂತು ಹೋಗುತ್ತೆ. ಅದಕ್ಕೇ ಟಾಸ್ ಹಾಕೋಕೆ ಹೋದಾಗ ಇಬ್ಬರೂ ಕ್ಯಾಪ್ಟನ್‌ಗಳು ಮೂರು ಪ್ರಶ್ನೆ ಕೇಳ್ಕೊಳ್ಳಿ. ನಾನ್ ಸ್ಟ್ರೈಕರ್ ರನ್ ಔಟ್ ಇದೆಯಾ? ವಾರ್ನಿಂಗ್ ಇದೆಯಾ, ಇದ್ರೆ ಎಷ್ಟು? ಕ್ರೀಸ್ ಗೆರೆ ಅಳಿಸಿದ್ರೆ ಮತ್ತೆ ಎಳೆಯೋದು ಯಾರು? ಉತ್ತರನ ಸ್ಕೋರ್ ಬುಕ್‌ನ ಮೊದಲ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಫೋಟೋ ತೆಗೆದು ಎರಡೂ ತಂಡದ ವಾಟ್ಸಾಪ್ ಗ್ರೂಪ್‌ಗೆ ಕಳಿಸಿ. ಸುಣ್ಣದ ಪುಡಿ ಒಂದು ಪೊಟ್ಟಣ ಬ್ಯಾಗ್‌ನಲ್ಲಿ ಇರಲಿ.